ನೀಲ್ ದ್ವೀಪ: ಚೀಟಿ ದುಡ್ಡಿನಲ್ಲಿ ನಾಲ್ಕು ಜನ, ಏಳು ರಾತ್ರಿ

ಸಾಗರದ ಹತ್ತಿರದ ಒಂದು ಅಡಿಕೆ ಸೊಸೈಟಿಯಲ್ಲಿ ಹದಿನೆಂಟು ವರ್ಷದಿಂದ ಲೆಕ್ಕ ಬರೆಯುತ್ತಿದ್ದೇನೆ. ಹಾಗಾಗಿ ಅಂಡಮಾನಿನ ನೀಲ್ ದ್ವೀಪಕ್ಕೆ ಹೋಗಿ ಬಂದ ಈ ಬರಹದಲ್ಲಿ ಸಮುದ್ರದ ಬಣ್ಣಕ್ಕಿಂತ ರೂಪಾಯಿಯೇ ಜಾಸ್ತಿ ಕಾಣಿಸಬಹುದು, ಬೇಜಾರು ಮಾಡಿಕೊಳ್ಳಬೇಡಿ. ಮಾರ್ಚ್ 31ರ ಲೆಕ್ಕ ಮುಚ್ಚಿ, ಆಡಿಟ್ ಶುರುವಾಗುವ ಮೊದಲು ಹತ್ತು ದಿನ ರಜೆ ಸಿಕ್ಕಿತ್ತು. ಚೀಟಿ ಎತ್ತಿದ ಒಂದೂವರೆ ಲಕ್ಷ ಕೈಯಲ್ಲಿತ್ತು. ಹೊರಡುವವರು ನಾಲ್ಕು ಜನ: ನಾನು, ನಮ್ಮನೆಯವರು, ಒಂಬತ್ತನೇ ಕ್ಲಾಸು ಮುಗಿಸಿದ ಮಗಳು, ಎಪ್ಪತ್ತೊಂದು ವರ್ಷದ ಅತ್ತೆ.

ದ್ವೀಪವೇ ಬೇಕು ಅಂತ ಹಟ ಹಿಡಿದವಳು ಮಗಳು. ಮಲ್ಪೆಯಿಂದ ಸೇಂಟ್ ಮೇರೀಸ್‌ಗೆ ಶಾಲೆಯವರು ಕರೆದುಕೊಂಡು ಹೋಗಿದ್ದರು. ಆ ಕಂಬ ಕಂಬದಂಥ ಕಲ್ಲುಗಳ ಮೇಲೆ ಎರಡು ಗಂಟೆ ಓಡಾಡಿ ವಾಪಸ್ ದೋಣಿ ಹತ್ತುವುದನ್ನು ಅವಳು ಲೆಕ್ಕಕ್ಕೆ ಹಿಡಿಯುವುದಿಲ್ಲ. "ರಾತ್ರಿ ಮಲಗಿ ಎದ್ದರೆ ಮಾತ್ರ ದ್ವೀಪ ಅಮ್ಮಾ" ಅಂದಳು. ಅವಳ ಪಟ್ಟಿಯಲ್ಲಿ ಮೊದಲಿದ್ದದ್ದು ಮಾಲ್ಡೀವ್ಸ್.

ಅದನ್ನು ನಾನು ಗಂಭೀರವಾಗಿಯೇ ನೋಡಿದೆ. ನೀರಿನ ಮೇಲೆ ಮನೆ ಕಟ್ಟಿರುವ ರೆಸಾರ್ಟುಗಳು ನಮ್ಮಂಥವರಿಗಲ್ಲ, ಸರಿ. ಆದರೆ ಜನ ವಾಸ ಮಾಡುವ ದ್ವೀಪಗಳಲ್ಲೂ ಈಗ ಸಣ್ಣ ಅತಿಥಿಗೃಹಗಳಿವೆ. ಮಾಫುಶಿ ಅಂತ ಒಂದು, ರಾಜಧಾನಿ ಮಾಲೆಯಿಂದ ಸ್ಪೀಡ್‌ಬೋಟಿನಲ್ಲಿ ಸುಮಾರು ಅರ್ಧ ತಾಸು. ಕೋಣೆ ಬಾಡಿಗೆ ನೋಡಿದರೆ ಗೋಕರ್ಣದ ಸೀಸನ್ ದರಕ್ಕಿಂತ ಬಹಳ ಹೆಚ್ಚೇನಿಲ್ಲ. ಭಾರತೀಯರಿಗೆ ವೀಸಾ ಅಲ್ಲಿಗೆ ಇಳಿದ ಮೇಲೆ ಪುಕ್ಕಟೆ. ಇಷ್ಟು ಓದಿ ಮಗಳು ಕುಣಿದಳು. ನಾನು ಬಿಲ್ಲಿನ ಕೆಳಭಾಗ ಓದಿದೆ. ಹಸಿರು ತೆರಿಗೆ ಅಂತ ಒಂದಿದೆ. 2025ರ ಜನವರಿಯಿಂದ ಅದನ್ನು ಎರಡು ಪಟ್ಟು ಮಾಡಿದ್ದಾರೆ. ಸಣ್ಣ ಅತಿಥಿಗೃಹದಲ್ಲಿ ತಲೆಗೆ ರಾತ್ರಿಗೆ 6 ಡಾಲರ್, ರೆಸಾರ್ಟಿನಲ್ಲಿ 12. ನಾಲ್ಕು ತಲೆ, ಐದು ರಾತ್ರಿ, 120 ಡಾಲರ್. ನಿದ್ದೆ ಮಾಡಿದ್ದಕ್ಕೆ ಹತ್ತು ಸಾವಿರ ರೂಪಾಯಿ ದಾಟಿತು. ಅದರ ಮೇಲೆ ಸೇವಾ ಶುಲ್ಕ ಶೇ 10, ಪ್ರವಾಸಿ ಜಿಎಸ್‌ಟಿ ಶೇ 17. ಊಟದ ತಟ್ಟೆಗೂ ಇದೇ ಲೆಕ್ಕ. ಆ ತಟ್ಟೆಯಲ್ಲಿರುವುದಾದರೂ ಏನು? ಹವಳದ ಮರಳಿನ ಮೇಲಿನ ಊರು, ಗದ್ದೆ ಇಲ್ಲ, ತೋಟ ಅಂದರೆ ಅಷ್ಟಕ್ಕಷ್ಟೆ. ಅಕ್ಕಿ, ಬೇಳೆ, ಈರುಳ್ಳಿ ಎಲ್ಲ ಹಡಗಿನಲ್ಲೇ ಬರಬೇಕು. ಮೀನು ತಿನ್ನುವವರಿಗೆ ಹೇಗೋ ನಡೆದೀತು. ನಮ್ಮ ಮನೆಯಲ್ಲಿ ನಾಲ್ವರೂ ಸಸ್ಯಾಹಾರಿಗಳು.

ಅಲ್ಲಿಗೆ ನನ್ನ ತಲೆಯಲ್ಲಿ ಒಂದು ಪ್ರಶ್ನೆ ಕೂತುಬಿಟ್ಟಿತು. ಆಮೇಲೆ ಪ್ರತಿ ದ್ವೀಪಕ್ಕೂ ಅದನ್ನೇ ಕೇಳಿದೆ: ಅಲ್ಲಿ ಏನು ಬೆಳೆಯುತ್ತದೆ, ಏನು ದೋಣಿಯಲ್ಲಿ ಬರುತ್ತದೆ? ವಿಮಾನದ ಟಿಕೆಟ್ ಎಲ್ಲರ ಕಣ್ಣಿಗೂ ಬೀಳುತ್ತದೆ. ದುಡ್ಡು ಸೋರುವುದು ಇಳಿದ ಮೇಲೆ, ಊಟ ಮತ್ತು ಓಡಾಟದಲ್ಲಿ.

ಬಾಲಿಗೆ ಬೆಂಗಳೂರಿನಿಂದ ನೇರ ವಿಮಾನ ಇದೆ ನಿಜ. ಅಲ್ಲಿ ಗದ್ದೆ, ತೋಟ ಎಲ್ಲ ಇದ್ದು ನನ್ನ ಪ್ರಶ್ನೆಗೆ ಪಾಸಾಗುತ್ತಿತ್ತು. ಆದರೆ ಇಳಿದ ಕೂಡಲೇ ತಲೆಗೆ 5 ಲಕ್ಷ ರುಪಯ್ಯಾ ವೀಸಾ, 1.5 ಲಕ್ಷ ರುಪಯ್ಯಾ ಪ್ರವಾಸಿ ಶುಲ್ಕ. ನಮ್ಮ ಹಣದಲ್ಲಿ ಲಕ್ಷವಲ್ಲ, ಸಾವಿರಗಳ ಮಾತು. ಆದರೂ ಮೊತ್ತ ಕೇಳಿಯೇ ನಮ್ಮನೆಯವರು ಪತ್ರಿಕೆ ಮುಖಕ್ಕೆ ಅಡ್ಡ ಹಿಡಿದರು. ಶ್ರೀಲಂಕಾ ದೊಡ್ಡದಾಯಿತು, ವಾರದಲ್ಲಿ ಮುಗಿಯುವುದಿಲ್ಲ. ಕೊನೆಗೆ ಈ ಮೂರೂ ದೇಶಗಳನ್ನು ಒಂದೇ ಏಟಿಗೆ ಹೊಡೆದು ಹಾಕಿದವರು ಅತ್ತೆ. ಅವರ ಹತ್ತಿರ ಪಾಸ್‌ಪೋರ್ಟ್ ಇಲ್ಲ. "ಕಾಶಿಗೇ ಆಧಾರ್ ಕಾರ್ಡಿನಲ್ಲಿ ಹೋಗಿ ಬಂದಿದ್ದೇನೆ, ಇನ್ನು ಅದಕ್ಕೆ ಯಾಕೆ ದುಡ್ಡು ಹಾಕ್ತೀಯ" ಅಂದರು.

ಲಕ್ಷದ್ವೀಪದ ಮೇಲೆ ನನಗೂ ಅತ್ತೆಗೂ ಆಸೆ ಇತ್ತು. ಅತ್ತೆಯ ತವರು ಹೊನ್ನಾವರದ ಕಡೆ. ಅವರ ಅಣ್ಣ ಮಂಗಳೂರಿನ ಹಳೇ ಬಂದರಿನಲ್ಲಿ ಮಂಡಿಯೊಂದರ ಗುಮಾಸ್ತರಾಗಿದ್ದರು. ಅಲ್ಲಿಂದ ಮಂಜಿ ಅನ್ನುವ ಸರಕಿನ ದೋಣಿಗಳಲ್ಲಿ ದ್ವೀಪಗಳಿಗೆ ಅಕ್ಕಿ, ತರಕಾರಿ, ಜಲ್ಲಿ, ಮರಳು ತುಂಬಿ ಹೋಗುವ ಕಥೆ ಕೇಳುತ್ತಲೇ ಅತ್ತೆ ಬೆಳೆದವರು. ಮರಳನ್ನೂ! ಸುತ್ತ ಮರಳೇ ಇರುವ ಊರಿಗೆ, ಮನೆ ಕಟ್ಟಲು. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲಾತ್ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಈಗ ಅದೇ ಊರುಗಳಿಗೆ ಹೋಗಲು ನಮಗೂ ಪರ್ಮಿಟ್ ಬೇಕು. ಕೊಚ್ಚಿಯಿಂದ ಹಡಗಾದರೆ 14ರಿಂದ 18 ತಾಸು, ಇಲ್ಲವೇ ಅಗತ್ತಿಗೆ ಸಣ್ಣ ವಿಮಾನ. ಪರ್ಮಿಟ್, ಕೋಣೆ, ಸೀಟು ಮೂರೂ ಒಂದೇ ವಾರಕ್ಕೆ ನಾಲ್ಕು ಜನರಿಗೆ ಕೂಡಿಬರಲಿಲ್ಲ. ಎರಡು ವಾರ ಫೋನು ಮಾಡಿ ಕೈಬಿಟ್ಟೆ.

ಉಳಿದದ್ದು ಅಂಡಮಾನ್. ಪರ್ಮಿಟ್ ಬೇಡ, ಪಾಸ್‌ಪೋರ್ಟ್ ಬೇಡ, ಡಾಲರ್ ಬೇಡ. ಅದರಲ್ಲೂ ಯಾವ ದ್ವೀಪ ಅನ್ನುವುದೇ ಮುಂದಿನ ಪ್ರಶ್ನೆ, ಈ ವಿಮರ್ಶೆಯ ಸಾರವೂ ಅದೇ. ಎಲ್ಲರೂ ಹೋಗುವುದು ಹ್ಯಾವ್‌ಲಾಕ್‌ಗೆ. ನೀಲ್ ಅನ್ನುವುದು ಅದರ ಪಕ್ಕದ ಪುಟ್ಟ ತಂಗಿ. ಪ್ಯಾಕೇಜಿನವರು ನೀಲ್‌ಗೆ ಒಂದು ಹಗಲು, ಹೆಚ್ಚೆಂದರೆ ಒಂದು ರಾತ್ರಿ ಕೊಡುತ್ತಾರೆ. 2018ರ ಡಿಸೆಂಬರಿನಲ್ಲಿ ಹ್ಯಾವ್‌ಲಾಕ್‌ಗೆ ಸ್ವರಾಜ್ ದ್ವೀಪ್, ನೀಲ್‌ಗೆ ಶಹೀದ್ ದ್ವೀಪ್ ಅಂತ ಹೆಸರು ಬದಲಾಯಿತು. ಪೋರ್ಟ್ ಬ್ಲೇರ್ 2024ರಲ್ಲಿ ಶ್ರೀ ವಿಜಯಪುರಂ ಆಯಿತು. ಆಟೋದವರ ಬಾಯಲ್ಲಿ ಮಾತ್ರ ಹಳೇ ಹೆಸರೇ. ಅದಕ್ಕೇ ನಾನೂ ಹಾಗೇ ಬರೆಯುತ್ತೇನೆ.

ಅಲ್ಲಿನ ಏಜೆಂಟರೊಬ್ಬರು ವಿಮಾನ ಬಿಟ್ಟು ತಲೆಗೆ 28,000 ಹೇಳಿದರು. ಹೋಟೆಲು, ಹಡಗು, ಆಟೋ ಬಿಡಿಸಿ ಬಿಡಿಸಿ ಕೂಡಿಸಿ ನೋಡಿದೆ, ಅರ್ಧದಷ್ಟು ಅವರಿಗೇ. ಹಾಗಾಗಿ ಎಲ್ಲ ನಾನೇ ಬುಕ್ ಮಾಡಿದೆ, ಹ್ಯಾವ್‌ಲಾಕಿನ ಒಂದು ರಾತ್ರಿಯ ಕೋಣೆಯನ್ನು ಬಿಟ್ಟು. ಅದೊಂದನ್ನು ಪಾಪ ಅಂತ ಅವರಿಗೆ ಬಿಟ್ಟುಕೊಟ್ಟೆ. ಪಾಪ ಅಂದದ್ದರ ಫಲ ಮುಂದೆ ಹೇಳುತ್ತೇನೆ.

ಬೆಂಗಳೂರಿನಿಂದ ನೇರ ವಿಮಾನ, ಎರಡೂವರೆ ತಾಸಿನ ಮೇಲೆ ಸ್ವಲ್ಪ. ಮೊದಲ ಎರಡು ರಾತ್ರಿ ಪೋರ್ಟ್ ಬ್ಲೇರಿನಲ್ಲಿ, ಅತ್ತೆಗೋಸ್ಕರ. ಸೆಲ್ಯುಲರ್ ಜೈಲು ನೋಡದೆ ಸಾಯುವುದಿಲ್ಲ ಅಂದಿದ್ದರು. 1896ರಲ್ಲಿ ಶುರುವಾಗಿ 1906ರಲ್ಲಿ ಮುಗಿದ ಕಟ್ಟಡ. ನಡುವಿನ ಗೋಪುರದಿಂದ ಏಳು ರೆಕ್ಕೆಗಳು ಹೊರಟಿದ್ದವು, ಈಗ ಮೂರು ಉಳಿದಿವೆ. ಒಂದು ರೆಕ್ಕೆಯ ಕೋಣೆಗಳ ಬಾಗಿಲು ಮುಂದಿನ ರೆಕ್ಕೆಯ ಬೆನ್ನಿಗೆ ಎದುರಾಗುವಂತೆ ಕಟ್ಟಿದ್ದಾರೆ, ಒಬ್ಬ ಕೈದಿಯ ಮುಖ ಇನ್ನೊಬ್ಬನಿಗೆ ಕಾಣದಿರಲಿ ಅಂತ. ಅತ್ತೆ ಬಹಳ ಹೊತ್ತು ನಿಂತದ್ದು ಕೈದಿಗಳಿಂದ ಎಳೆಸುತ್ತಿದ್ದ ಎಣ್ಣೆ ಗಾಣದ ಮುಂದೆ. ಅವರ ತವರಿನಲ್ಲಿ ಎತ್ತು ಕಟ್ಟುತ್ತಿದ್ದ ಗಾಣ ಇತ್ತಂತೆ. "ಎತ್ತಿಗೂ ಮಧ್ಯಾಹ್ನ ಬಿಡುತ್ತಿದ್ದೆವು" ಅಂದರು, ಅಷ್ಟೇ. ಆ ಸಂಜೆ ಧ್ವನಿ-ಬೆಳಕಿನ ಪ್ರದರ್ಶನಕ್ಕೆ ಬರಲಿಲ್ಲ, ಕೋಣೆಯಲ್ಲೇ ಉಳಿದರು.

ಬಾರಾಟಾಂಗ್ ದ್ವೀಪಕ್ಕೆ ಹೋಗಲಿಲ್ಲ. ಆ ದಾರಿ ಜಾರವಾ ಅನ್ನುವ ಆದಿವಾಸಿ ಜನರ ಕಾಡಿನ ನಡುವೆ ಹೋಗುತ್ತದೆ, ವಾಹನಗಳನ್ನು ಸಾಲಾಗಿ ಕಾವಲಿನಲ್ಲಿ ಬಿಡುತ್ತಾರೆ, ಫೋಟೋ ತೆಗೆಯುವುದು ಅಪರಾಧ. ಸುಣ್ಣಕಲ್ಲಿನ ಗುಹೆ ನೋಡಲು ಅಂತ ಹೇಳಿ ಕಿಟಕಿಯಿಂದ ಇಣುಕುವವರ ಜೊತೆ ಕೂರಲು ನನಗೆ ಮನಸ್ಸಾಗಲಿಲ್ಲ.

ನೀಲ್‌ಗೆ ಖಾಸಗಿ ಹಡಗಿನಲ್ಲಿ ಹೋದೆವು. ಒಳಗೆ ಎಸಿ, ಕಿಟಕಿ ತೆರೆಯುವಂತಿಲ್ಲ, ಬಸ್ಸಿನಂತೆ ಸಾಲು ಸೀಟು. ಅರ್ಧ ತಾಸಿಗೆಲ್ಲ ನಮ್ಮನೆಯವರ ಮುಖ ಬಾಡಿದ ಬಾಳೆ ಎಲೆಯಾಯಿತು. ಅತ್ತೆ ಸೆರಗಿನ ಗಂಟಿನಿಂದ ಉಪ್ಪು ಹಚ್ಚಿ ಒಣಗಿಸಿದ ಶುಂಠಿ ತೆಗೆದು ಕೊಟ್ಟರು. ಬೆಳಿಗ್ಗೆ ನುಂಗಬೇಕಿದ್ದ ಮಾತ್ರೆ ಬ್ಯಾಗಿನಲ್ಲೇ ಇತ್ತು. ವಾಪಸ್ ಬರುವಾಗ ಹ್ಯಾವ್‌ಲಾಕಿನಿಂದ ಸರ್ಕಾರಿ ಹಡಗು ಹತ್ತಿದೆವು. ಅದು ನಿಧಾನ, ಎರಡೂವರೆ ತಾಸು ಹಿಡಿಯಿತು. ಆದರೆ ಮೇಲೆ ಡೆಕ್ಕಿನಲ್ಲಿ ಗಾಳಿಗೆ ನಿಲ್ಲಬಹುದು, ದರ ಖಾಸಗಿಯ ಮುಂದೆ ಏನೂ ಅಲ್ಲ, ಯಾರಿಗೂ ವಾಂತಿ ಬರಲಿಲ್ಲ. ಮುಂದಿನ ಸಲ ಟಿಕೆಟ್ ಸಿಕ್ಕರೆ ಎರಡೂ ಕಡೆ ಸರ್ಕಾರಿಯೇ.

ನೀಲ್‌ನಲ್ಲಿ ಹಡಗು ನಿಲ್ಲುವ ದಕ್ಕೆಯಲ್ಲಿ ಇಳಿದ ಕೂಡಲೇ ಎಡಬಲಕ್ಕೆ ನೀರು ಎಷ್ಟು ತಿಳಿ ಅಂದರೆ ಮೀನಿನ ನೆರಳು ಮರಳಿನ ಮೇಲೆ ಬಿದ್ದದ್ದು ಕಾಣುತ್ತದೆ. ಮಗಳು ಬ್ಯಾಗು ಹೊತ್ತುಕೊಂಡೇ ಕಂಬಿಗೆ ಆತು ನಿಂತಳು. ದಕ್ಕೆಯ ಪಕ್ಕದ ತೀರವೇ ಭರತಪುರ. ಹೆಸರು ಕೇಳಿ ಅತ್ತೆ "ಹಾಗಾದರೆ ಇಳಿತಪುರ ಎಲ್ಲಿ?" ಅಂದರು. ಹೊನ್ನಾವರದವರಿಗೆ ಭರತ ಅಂದರೆ ಸಮುದ್ರದ ಉಬ್ಬರ. ಇಲ್ಲಿ ಅದು ರಾಮನ ತಮ್ಮ: ಭರತಪುರ, ಲಕ್ಷ್ಮಣಪುರ, ಸೀತಾಪುರ, ರಾಮನಗರ ಅಂತ ಇಡೀ ಕುಟುಂಬವೇ ಇದೆ. ಪೂರ್ವ ಬಂಗಾಳದಿಂದ ಬಂದ ನಿರಾಶ್ರಿತರಿಗೆ ಇಲ್ಲಿ ಜಮೀನು ಕೊಟ್ಟು ನೆಲೆ ಮಾಡಿಸಿದ್ದರು; ಅವರ ಮಕ್ಕಳು ಮೊಮ್ಮಕ್ಕಳೇ ಈಗ ಅಂಗಡಿ, ಕಾಟೇಜು, ತೋಟ ನಡೆಸುವವರು. ಆದರೆ ಅತ್ತೆಯ ಅರ್ಥವೂ ಸುಳ್ಳಲ್ಲ. ಭರತಪುರಕ್ಕೆ ಭರತ ಇರುವಾಗಲೇ ಹೋಗಬೇಕು. ಇಳಿತದಲ್ಲಿ ನೀರು ಎಷ್ಟೋ ದೂರ ಸರಿದು ಹವಳದ ಕಲ್ಲು ಮೇಲೆ ಬಂದು, ಕಾಲಿಡಲು ಜಾಗವಿರುವುದಿಲ್ಲ.

ನಾವು ಇಳಿದದ್ದು ದಕ್ಕೆಯಿಂದ ಒಂದು ಕಿಲೋಮೀಟರಿನ ಕಾಟೇಜಿನಲ್ಲಿ. ಎರಡು ಕೋಣೆ, ಒಂದಕ್ಕೆ ರಾತ್ರಿಗೆ 1,800. ಸಮುದ್ರ ಕಾಣುವುದಿಲ್ಲ. ಕಂಡದ್ದು ಅಡಿಕೆ ತೋಟ! ಬೆಳಿಗ್ಗೆ ಬಾಗಿಲು ತೆರೆದರೆ ಎದುರಿಗೆ ಸಾಲು ಮರ, ಬುಡದಲ್ಲಿ ಬಿದ್ದ ಹಾಳೆ, ನಡುವೆ ಬಾಳೆ. ಎಂಟು ನೂರು ಮೈಲಿ ಸಮುದ್ರ ದಾಟಿ ಬಂದು ನಮ್ಮನೆ ಹಿತ್ತಿಲಿಗೇ ಎದ್ದ ಹಾಗಾಯಿತು. ನಮ್ಮನೆಯವರು ಹಲ್ಲುಜ್ಜುತ್ತಲೇ ಹೋಗಿ ಅಡಿಕೆ ಗೊನೆ ಎಣಿಸಿ ಬಂದರು. "ಮದ್ದು ಹೊಡೆದ ಗುರುತೇ ಇಲ್ಲ ಮಾರಾಯ್ತಿ, ಆದರೂ ಕೊಳೆರೋಗ ಇಲ್ಲ" ಅಂತ ಹೊಟ್ಟೆಕಿಚ್ಚು. ಮಳೆಗಾಲದಲ್ಲಿ ಬಂದು ನೋಡಿದ್ದರೆ ಏನನ್ನುತ್ತಿದ್ದರೋ.

ನನ್ನ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಸಂತೆಯಲ್ಲಿ. ನೀಲ್ ಅಂಡಮಾನಿನ ತರಕಾರಿ ತೋಟ ಅಂತಲೇ ಹೆಸರುವಾಸಿ. ಪೋರ್ಟ್ ಬ್ಲೇರಿಗೆ ಇಲ್ಲಿಂದ ತರಕಾರಿ ಹೋಗುತ್ತದೆ. ಬಜಾರಿನ ಮೂಲೆಯಲ್ಲಿ ಬದನೆ, ಸೋರೆ, ಹಾಗಲ, ಬಾಳೆ ಹೂವು, ಮತ್ತೆ ಬಸಳೆ. ಕೆಂಪು ದಂಟಿನ ಬಸಳೆ, ಕಟ್ಟು ಕಟ್ಟು. ಬಂಗಾಳಿಗಳು ಅದಕ್ಕೆ ಪುಂಯಿ ಶಾಕ್ ಅನ್ನುತ್ತಾರೆ. ಅತ್ತೆ ಒಂದು ಕಟ್ಟು ಕೊಂಡು ನೇರ ನಾವು ಊಟ ಮಾಡುತ್ತಿದ್ದ ಖಾನಾವಳಿಯ ಅಡುಗೆಮನೆಗೆ ನಡೆದರು. ಅಲ್ಲಿಯ ದೀದಿಗೆ ಕನ್ನಡ ಬಾರದು, ಅತ್ತೆಗೆ ಹಿಂದಿ "ಪಾನಿ", "ನಹೀ" ಎರಡೇ. ಕಾಲು ತಾಸಿನಲ್ಲಿ ತೆಂಗಿನಕಾಯಿ ತುರಿಯುವ ಸದ್ದು ಬಂತು. ಹಿಂದಿನ ದಿನ ಸಾಸಿವೆ ಎಣ್ಣೆಯ ಘಾಟಿಗೆ ಅರ್ಧ ಊಟ ಬಿಟ್ಟಿದ್ದ ಅತ್ತೆ, ಮರುದಿನದಿಂದ ನಮಗೆ ಬೇರೆ ಬಾಣಲೆ, ಬೇರೆ ಎಣ್ಣೆ ಮಾಡಿಸಿಕೊಂಡರು. ಅನ್ನ, ಬೇಳೆ, ಎರಡು ಪಲ್ಯ, ಬದನೆ ಹುರಿದದ್ದು, ತಟ್ಟೆಗೆ 180. ಮೂರು ದಿನವೂ ಅಲ್ಲೇ ಉಂಡೆವು. ಹಪ್ಪಳದ ಕಾಲದಲ್ಲಿ ಮನೆ ಬಿಟ್ಟು ಬಂದೆವಲ್ಲ, ಹಲಸಿನಕಾಯಿ ಬಲಿತು ಹೋಗುತ್ತದೆ ಅಂತ ಗೊಣಗುತ್ತಿದ್ದವರು ಅಲ್ಲಿಗೆ ಸುಮ್ಮನಾದರು.

ಓಡಾಟವೂ ಅಷ್ಟೇ ಸಲೀಸು. ದ್ವೀಪದ ಈ ತುದಿಯಿಂದ ಆ ತುದಿಗೆ ಹೆಚ್ಚುಕಡಿಮೆ ಐದು ಕಿಲೋಮೀಟರು, ದಾರಿ ಸಪಾಟು. ಮಗಳಿಗೂ ನನಗೂ ಬಾಡಿಗೆ ಸೈಕಲ್, ನಮ್ಮನೆಯವರಿಗೂ ಅತ್ತೆಗೂ ಸ್ಕೂಟರ್, ದಿನಕ್ಕೆ 500. ಅತ್ತೆ ಸೀರೆ ಎತ್ತಿ ಕಟ್ಟಿ ಹಿಂದೆ ಕೂತು ಬಂಗಾಳಿ ಮಕ್ಕಳಿಗೆಲ್ಲ ಕೈ ಬೀಸುತ್ತಿದ್ದರು. ಒಂದು ಮಾತು ನೆನಪಿಡಿ: ಗಡಿಯಾರ ನಮ್ಮದೇ, ಸೂರ್ಯ ಬೇರೆ. ಅಷ್ಟು ಪೂರ್ವಕ್ಕಿದ್ದೂ ಭಾರತದ ಸಮಯವೇ ಆದ್ದರಿಂದ ಏಪ್ರಿಲಿನಲ್ಲಿ ಐದಕ್ಕೆಲ್ಲ ಬೆಳಕು, ಸಂಜೆ ಐದೂವರೆಗೆ ಸೂರ್ಯ ಮುಳುಗಿ ಆಯಿತು. ಬೆಂಗಳೂರಿನವರಂತೆ ಒಂಬತ್ತಕ್ಕೆ ಎದ್ದರೆ ಅರ್ಧ ದಿನ ಹೋಯಿತು. ನಮಗೇನು, ಡೈರಿಗೆ ಹಾಲು ಕೊಡುವ ಮನೆ.

ನೀಲ್‌ನಲ್ಲಿ ನಾವು ನೋಡಿದ್ದರಲ್ಲಿ ಎಲ್ಲಕ್ಕಿಂತ ಮಿಗಿಲು ಲಕ್ಷ್ಮಣಪುರದ ಕಲ್ಲಿನ ಸೇತುವೆ. ಸಮುದ್ರ ಕೊರೆದು ಮಾಡಿದ ಕಮಾನು, ಊರವರು ಹೌರಾ ಬ್ರಿಡ್ಜ್ ಅನ್ನುತ್ತಾರೆ. ಅಲ್ಲಿಗೆ ಇಳಿತದಲ್ಲಿ ಮಾತ್ರ ನಡೆದು ಹೋಗಬಹುದು. ಯಾವಾಗ ಹೋಗುವುದು ಅಂತ ಮಗಳು ಫೋನಿನಲ್ಲಿ ಹುಡುಕುತ್ತಿದ್ದರೆ ಅತ್ತೆ ಬೆರಳು ಮಡಚಿ "ನಿನ್ನೆ ಅಮಾವಾಸ್ಯೆ. ಈಗ ಇಳಿತ ಚೆನ್ನಾಗಿ ಇಳಿಯತ್ತೆ, ಬೆಳಗಿನ ಜಾವ ಹೊರಡಿ" ಅಂದರು. ಹೋದೆವು. ನಾಲ್ಕೂಮುಕ್ಕಾಲಿಗೆ ತೀರದಲ್ಲಿದ್ದೆವು, ನಮ್ಮನ್ನು ಬಿಟ್ಟರೆ ಒಬ್ಬ ಮೀನುಗಾರ. ಕಲ್ಲಿನ ಹೊಂಡಗಳಲ್ಲಿ ನೀರು ನಿಂತಿರುತ್ತದೆ, ಒಂದೊಂದರಲ್ಲೂ ಒಂದೊಂದು ಸಂಸಾರ: ಕಪ್ಪು ಸೌತೆಕಾಯಿಯಂಥ ಪ್ರಾಣಿ, ಶಂಖದೊಳಗೆ ಮನೆ ಮಾಡಿದ ಏಡಿ, ನೀಲಿ ಗೆರೆಯ ಬೆರಳುದ್ದ ಮೀನು. ಎರಡು ತಾಸು ಅಲ್ಲೇ ಕೂತೆವು. ಖರ್ಚು ಸೊನ್ನೆ. ಪ್ಯಾಕೇಜಿನ ಗುಂಪುಗಳು ಎಂಟೂವರೆಗೆ ಬಂದಾಗ ನೀರು ಏರಿ ಕಮಾನಿನ ಬುಡ ಮುಚ್ಚುತ್ತಿತ್ತು. ದೂರದಿಂದ ಫೋಟೋ ಹೊಡೆದುಕೊಂಡು ಹೋದರು. ಹವಾಯಿ ಚಪ್ಪಲಿಯಲ್ಲಿ ಹೋಗಬೇಡಿ. ಸತ್ತ ಹವಳ ಬ್ಲೇಡಿನ ಹಾಗೆ, ನನ್ನ ಹಿಮ್ಮಡಿ ಇನ್ನೂ ಸಾಕ್ಷಿ ಹೇಳುತ್ತದೆ.

ದುಡ್ಡು ಹಾಕಿದ್ದು ಮಗಳ ಸ್ಕೂಬಾಕ್ಕೆ, 4,000. ಗುರುವಿನ ಕೈ ಹಿಡಿದು ಅರ್ಧ ತಾಸು. ಮೇಲೆ ಬಂದವಳು ಹತ್ತು ನಿಮಿಷ ಮಾತಾಡಲಿಲ್ಲ; ಅವಳ ಮಟ್ಟಿಗೆ ಅದೇ ದಾಖಲೆ. ವಿಮಾನ ಹತ್ತುವ ಹಿಂದಿನ ದಿನ ಇದನ್ನು ಇಟ್ಟುಕೊಳ್ಳಬೇಡಿ, ಮುಳುಗಿದ ಮೇಲೆ ಒಂದು ದಿನ ಬಿಟ್ಟು ಹಾರಬೇಕು. ಗಾಜಿನ ತಳದ ದೋಣಿ ಅತ್ತೆಗೆ ಅಂತ ಹತ್ತಿದೆವು. ಗಾಜು ಗೀಚಿ ಮಾಸಿತ್ತು, ಕೆಳಗೆ ಕಂಡ ಹವಳ ಬಹುಪಾಲು ಬಿಳಿಚಿಕೊಂಡಿತ್ತು. ನೀರು ಮಾಮೂಲಿಗಿಂತ ಬಿಸಿಯಾದರೆ ಹವಳ ತನ್ನೊಳಗಿನ ಪಾಚಿಯನ್ನು ಹೊರಗೆ ಹಾಕಿ ಬಣ್ಣ ಕಳೆದುಕೊಳ್ಳುತ್ತದೆ. 2010ರಲ್ಲಿ ಇಡೀ ಅಂಡಮಾನಿನಲ್ಲಿ ಹಾಗಾಗಿತ್ತು. ದೋಣಿಯವನು ಮಾತ್ರ "ಕಲರ್, ಕಲರ್" ಅನ್ನುತ್ತಲೇ ಇದ್ದ.

ಹ್ಯಾವ್‌ಲಾಕ್ ಒಂದೇ ರಾತ್ರಿ. ರಾಧಾನಗರ ತೀರವನ್ನು ಟೈಮ್ ಪತ್ರಿಕೆ 2004ರಲ್ಲಿ ಏಷ್ಯಾದಲ್ಲೇ ಶ್ರೇಷ್ಠ ಅಂದಿತ್ತು. ಅದರಲ್ಲಿ ಸುಳ್ಳಿಲ್ಲ. ಹಿಂದೆ ಎತ್ತರದ ಕಾಡು, ಮುಂದೆ ಹಿಟ್ಟಿನಂಥ ಮರಳು, ಒಂದು ಚೂರು ಕಸ ಇಲ್ಲ. ಸೂರ್ಯ ಮುಳುಗುವಾಗ ಅಷ್ಟು ಜನರಿದ್ದೂ ಗಲಾಟೆ ಇರಲಿಲ್ಲ. ಆದರೆ ದಕ್ಕೆಯಿಂದ ಅಲ್ಲಿಗೆ ಹನ್ನೆರಡು ಕಿಲೋಮೀಟರು, ಆಟೋದವರು ಹೇಳಿದ್ದೇ ದರ. ಊಟಕ್ಕೆ ನೀಲ್‌ನ ಎರಡು ಪಟ್ಟು. ಇನ್ನು ಏಜೆಂಟರು "ಸಮುದ್ರಕ್ಕೆ ಎದುರು" ಅಂತ 3,000 ಮುಂಗಡ ತೆಗೆದುಕೊಂಡು ಕೊಡಿಸಿದ ಕೋಣೆ ಎದುರಾದದ್ದು ಜನರೇಟರಿಗೆ. ಎರಡು ಕೋಣೆಗೆ 6,400 ಕೊಟ್ಟು ರಾತ್ರಿಯಿಡೀ ಅದರ ಭಜನೆ ಕೇಳಿದೆವು. ಫೋನು ಮಾಡಿದರೆ "ಕಿಟಕಿಯಿಂದ ಎಡಕ್ಕೆ ಬಗ್ಗಿ ನೋಡಿ ಮೇಡಂ" ಅಂದರು. ಬಗ್ಗಿ ನೋಡಿದೆ. ತೆಂಗಿನ ಮರ.

ಎಲಿಫೆಂಟ್ ಬೀಚಿಗೆ ಹೋಗಲಿಲ್ಲ. ದೋಣಿಗೆ ತಲೆಗೆ ಸಾವಿರದ ಮೇಲೆ ಹೇಳಿದರು. ನೀಲ್‌ನ ಹೊಂಡಗಳನ್ನು ನೋಡಿ ಬಂದಿದ್ದ ಮಗಳೇ ಬೇಡ ಅಂದಳು.

ಲೆಕ್ಕದ ಪುಸ್ತಕ ಹೀಗಿದೆ. ವಿಮಾನ 51,400. ಊರಿನಿಂದ ಬೆಂಗಳೂರಿನ ವಿಮಾನ ನಿಲ್ದಾಣಕ್ಕೆ ಹೋಗಿ ಬಂದದ್ದು 5,800. ಏಳು ರಾತ್ರಿಯ ಕೋಣೆ 24,400. ಮೂರು ಹಡಗು 12,300. ಆಟೋ, ಸ್ಕೂಟರ್, ಸೈಕಲ್ 7,900. ಊಟ ತಿಂಡಿ 15,400. ಸ್ಕೂಬಾ, ದೋಣಿ, ಜೈಲಿನ ಟಿಕೆಟ್ ಸೇರಿ 9,200. ಚಿಲ್ಲರೆ 3,100. ಒಟ್ಟು 1,29,500. ಉಳಿದ 20,500 ಮತ್ತೆ ಚೀಟಿಗೆ. ವಿಮಾನದ ಟಿಕೆಟ್ ಮೂರು ತಿಂಗಳ ಮೊದಲೇ ತೆಗೆದದ್ದು. ಕ್ರಿಸ್‌ಮಸ್ ಹೊತ್ತಿಗೆ ಈ ದರ ಕನಸು. ನಗದು ಜೊತೆಗಿರಲಿ, ನೀಲ್‌ನಲ್ಲಿ ಕೆಲವೊಮ್ಮೆ ನೆಟ್‌ವರ್ಕ್ ಮಲಗಿದರೆ ಸ್ಕ್ಯಾನ್ ಮಾಡುವುದೂ ಮಲಗುತ್ತದೆ.

ನಾನು ಮತ್ತೆ ಹೋದರೆ ನೀಲ್‌ನಲ್ಲೇ ಐದು ರಾತ್ರಿ ಇರುತ್ತೇನೆ, ಹ್ಯಾವ್‌ಲಾಕ್‌ಗೆ ಬೆಳಿಗ್ಗೆ ಹೋಗಿ ಸಂಜೆಯ ಹಡಗು ಹಿಡಿಯುತ್ತೇನೆ. ಆಗ ರಾಧಾನಗರದ ಸೂರ್ಯಾಸ್ತ ತಪ್ಪುತ್ತದೆ, ಗೊತ್ತು. ಲಕ್ಷ್ಮಣಪುರದಲ್ಲೂ ಸೂರ್ಯ ಮುಳುಗುತ್ತಾನೆ. ಹೊಸದಾಗಿ ಮದುವೆಯಾದವರು, ಪಾರ್ಟಿ ಬೇಕೆನ್ನುವವರು ನೀಲ್‌ನಲ್ಲಿ ಮೂರನೇ ದಿನಕ್ಕೆ ಆಕಳಿಸುತ್ತಾರೆ. ಅವರು ಹ್ಯಾವ್‌ಲಾಕ್‌ನಲ್ಲೇ ಇರಲಿ.

ವಾಪಸ್ ಬರುವಾಗ ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಮಗಳ ಬ್ಯಾಗಿನಿಂದ ಒಂದು ಹವಳದ ಚೂರು ತೆಗೆದಿಟ್ಟರು. ತೀರದಿಂದ ಚಿಪ್ಪು, ಹವಳ ಒಯ್ಯುವಂತಿಲ್ಲ, ನಾನೇ ಹೇಳಿದ್ದೆ. ಅವಳು ಮುಖ ಊದಿಸಿಕೊಂಡಳು. ಅತ್ತೆಯ ಎಲೆ ಅಡಿಕೆ ಚೀಲವನ್ನು ಯಾರೂ ಬಿಚ್ಚಲಿಲ್ಲ. ಅದರಲ್ಲಿ ಕಾಟೇಜಿನವರು ಕೊಟ್ಟ ನೀಲ್‌ನ ಒಣ ಅಡಿಕೆ ಆರು ಇತ್ತು. ಸೋಮವಾರ ಸೊಸೈಟಿಗೆ ಒಯ್ದು ನಮ್ಮ ಗ್ರೇಡ್ ಮಾಡುವವರ ಮೇಜಿನ ಮೇಲಿಟ್ಟೆ. ನಮ್ಮಲ್ಲಿ ಚಾಲಿ ಅಂದರೆ ಒಣಗಿಸಿ ಸುಲಿದ ಬಿಳಿ ಅಡಿಕೆ, ಕೋಕಾ ಅಂದರೆ ಕೀಳು ದರ್ಜೆಯದು. ಅವರು ಒಂದನ್ನು ಒಡೆದು, ಮೂಸಿ, ಕನ್ನಡಕ ಹಣೆಗೇರಿಸಿ ಕೇಳಿದರು, "ಯಾವ ಊರಿಂದು ಇದು? ಚಾಲಿಗೆ ಸಾಲದು. ಕೋಕಾಕ್ಕೆ ಹಾಕಬಹುದು."